ಸಾಕ್ಷಿಕಟ್ಟೆಯ ಪಕ್ಕದಲ್ಲಿ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ತಮಿಳು ಸೀಮೆಗೆ ಸೇರಿದ ನಮ್ಮ ಗಡಿ ಕಡೆಯ ಒಂದು ಕೋರ್ಟಿನಲ್ಲಿ ನಕಲು ಗುಮಾಸ್ತನಾಗಿ ಸೇರಿದೆ. ತೀರ್ಪುಗಳನ್ನು, ಸಾಕ್ಷಿಗಳ ಹೇಳಿಕೆಗಳನ್ನು ಟೈಪು ಮಾಡಿ, ಅರ್ಜಿ ಕೊಟ್ಟವರಿಗೆ ನಕಲು ತಯಾರಿಸುವುದು ನನ್ನ ಕೆಲಸ. ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಟೈಪ್‌ರೈಟರ್ ಮುಂದೆ ದಿನವಿಡೀ ಕೂತಿರುತ್ತಿದ್ದೆ. ಯಾರ ಜೊತೆಗೂ ಹೆಚ್ಚು ಮಾತಾಡಬೇಕಾಗಿರಲಿಲ್ಲ. ಅದೇ ನನಗೆ ಬೇಕಾಗಿದ್ದದ್ದು. ಬಾಯಿ ಬಿಟ್ಟರೆ ನನ್ನ ತಮಿಳಿನ ಬಂಡವಾಳ ಬಯಲಾಗುತ್ತದೆ ಎಂಬ ಹೆದರಿಕೆ ನನ್ನೊಳಗೆ ಸದಾ ಇತ್ತು.

ನಮ್ಮದು ಡೆಂಕಣಿಕೋಟೆ ಹತ್ತಿರದ ಒಂದು ಹಳ್ಳಿ. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದರು. ಮನೆಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ತೆಲುಗು. ನಾನು ಎಸ್ಸೆಲ್ಸಿವರೆಗೂ ಓದಿದ್ದು ಕನ್ನಡ ಮಾಧ್ಯಮದಲ್ಲಿ. ತಮಿಳು ನನ್ನ ಪಾಲಿಗೆ ಬಸ್ಸಿನ ಕಂಡಕ್ಟರನದು, ತಾಲ್ಲೂಕು ಕಚೇರಿಯದು. ಕೇಳಿದರೆ ತಿಳಿಯುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ತಮಿಳು ಪರೀಕ್ಷೆ ಪಾಸು ಮಾಡಲೇಬೇಕಿತ್ತು. ಮೊದಲ ಸಲ ನಪಾಸಾದೆ. ಎರಡನೆಯ ಸಲ ಒಂದು ಗೈಡು ಕೊಂಡು ಅದರಲ್ಲಿದ್ದ ನಾಲ್ಕು ಪತ್ರಗಳನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದೆ. ಅದರಲ್ಲೊಂದು, ಊರಿಗೆ ಕುಡಿಯುವ ನೀರಿನ ಬಾವಿ ತೋಡಿಸಿಕೊಡಿ ಎಂದು ಕಲೆಕ್ಟರಿಗೆ ಬರೆಯುವ ಅರ್ಜಿ. ಪ್ರಶ್ನೆಪತ್ರಿಕೆಯಲ್ಲಿ ಅದೇ ಬಂತು. ಗಿಣಿಯ ಹಾಗೆ ಬರೆದೆ. ಅದರಲ್ಲಿದ್ದ ಎರಡು ಪದಗಳ ಅರ್ಥ ನನಗೆ ಆವತ್ತಿಗೂ ಗೊತ್ತಿರಲಿಲ್ಲ. ಪಾಸಾಯಿತೆಂದು ಕಾಗದ ಬಂದಾಗ ಮನೆಯವರೆಲ್ಲ ಖುಷಿಪಟ್ಟರು. ನನಗೆ ಮಾತ್ರ ಬೇರೆ ಯಾರಿಗೋ ಬರಬೇಕಾದ ಕಾಗದ ನನ್ನ ವಿಳಾಸಕ್ಕೆ ಬಂದ ಹಾಗಿತ್ತು.

ಮೂರ್ನಾಲ್ಕು ವರ್ಷ ಹೀಗೆ ಕಳೆಯಿತು. ನಮ್ಮ ಕೋರ್ಟಿಗೆ ಬರುವ ಸಾಕ್ಷಿಗಳಲ್ಲಿ ಮುಕ್ಕಾಲು ಪಾಲು ಕನ್ನಡ ಇಲ್ಲವೇ ತೆಲುಗು ಮಾತಾಡುವವರು. ದಾಖಲಾಗುವುದು ತಮಿಳಿನಲ್ಲಿ. ಸಾಕ್ಷಿಕಟ್ಟೆಯ ಪಕ್ಕದಲ್ಲಿ ನಿಂತು ವಕೀಲರ ಪ್ರಶ್ನೆಯನ್ನು ಸಾಕ್ಷಿಯ ಭಾಷೆಗೆ, ಸಾಕ್ಷಿಯ ಉತ್ತರವನ್ನು ತಮಿಳಿಗೆ ತಿರುಗಿಸಿ ಹೇಳಲು ಒಬ್ಬರು ಹಿರಿಯ ಗುಮಾಸ್ತರಿದ್ದರು. ಅವರಿಗೆ ಧರ್ಮಪುರಿಗೆ ವರ್ಗವಾಯಿತು. ಮಾರನೆಯ ಬೆಳಗ್ಗೆ ನಮ್ಮ ಶಿರಸ್ತೇದಾರರು ನನ್ನ ಕೋಣೆಗೆ ಬಂದರು. ಕೋರ್ಟಿನ ಕಚೇರಿಯ ಯಜಮಾನಿಕೆ ಅವರದು. ಹಳೆಯ ಕನ್ನಡ ಮನೆತನದವರು, ನನ್ನನ್ನು ಮನೆಯ ಹುಡುಗನಂತೆ ಮಾತಾಡಿಸುತ್ತಿದ್ದರು.

"ಎದ್ದೇಳ್ಲಾ, ಮುನ್ಸೀಫ್ರು ಕೂತವ್ರೆ. ಸಾಕ್ಷಿ ಹತ್ರ ನಿಂತ್ಕೊ ಓಗು."

"ನಾನಾ? ನಂಗೆ ಬರಲ್ಲ ಸಾ."

"ಮೂರು ಭಾಷೆ ಬಲ್ಲೋನು ನೀನಲ್ದೆ ಇನ್ಯಾರ್ಲಾ ಅವ್ರೆ ಇಲ್ಲಿ? ಪರೀಕ್ಷೆ ಬ್ಯಾರೆ ಪಾಸ್ ಮಾಡಿದೀಯ. ನಡಿ ನಡಿ."

ಆ ಪರೀಕ್ಷೆಯ ಮಾತು ಬಂದ ಮೇಲೆ ನಾನು ತುಟಿ ಎರಡು ಮಾಡುವಂತಿರಲಿಲ್ಲ. ಹೋಗಿ ನಿಂತೆ.

ನ್ಯಾಯಾಧೀಶರಾದ ಮುನ್ಸೀಫರು ತಮಿಳು ಸೀಮೆಯ ತೆಂಕಣ ಜಿಲ್ಲೆಯೊಂದರವರು; ಸಿವಿಲ್, ಕ್ರಿಮಿನಲ್ ಎರಡೂ ಅವರ ಮುಂದೆಯೇ ನಡೆಯುತ್ತಿದ್ದವು. ಕನ್ನಡವಾಗಲಿ ತೆಲುಗಾಗಲಿ ಅವರಿಗೆ ಒಂದಕ್ಷರ ತಿಳಿಯದು. ಸಾಕ್ಷಿ ಏನೇ ಹೇಳಿದರೂ ಅವರು ನೋಡುತ್ತಿದ್ದದ್ದು ನನ್ನ ಮುಖವನ್ನು. ನನ್ನ ಬಾಯಿಂದ ಬಂದದ್ದೇ ಅವರ ಲೇಖನಿಯಿಂದ ಹಾಳೆಗೆ ಇಳಿಯುತ್ತಿತ್ತು. ಮೊದಲ ದಿನ ಒಂದು ಹೊಲದ ಗಡಿತಂಟೆ, ಇನ್ನೊಂದು ಎಮ್ಮೆ ಕಳವಿನ ಕೇಸು. ಹೇಗೋ ನಡೆಯಿತು. ಹೊರಗೆ ಬಂದಾಗ ಇಬ್ಬರು ವಕೀಲರು ಬೆನ್ನು ತಟ್ಟಿದರು. ನಾನು ಬಾವಿಕಟ್ಟೆಯ ಹತ್ತಿರ ಹೋಗಿ ಬೆವರಿಗೆ ಮೈಗಂಟಿದ್ದ ಅಂಗಿಯನ್ನು ಬಿಡಿಸಿ ಗಾಳಿಗೆ ಹಿಡಿದು ನಿಂತೆ. ಇವತ್ತು ತಪ್ಪಿಸಿಕೊಂಡೆ, ನಾಳೆ ಸಿಕ್ಕಿಬೀಳುತ್ತೇನೆ ಎಂದುಕೊಂಡೆ. ಮುಂದಿನ ಎರಡು ವರ್ಷ ಪ್ರತಿ ಸಂಜೆ ಅದನ್ನೇ ಅಂದುಕೊಂಡೆ. ಯಾರಾದರೂ ಹೊಗಳಿದರೆ, ಪಾಪ ಇವರಿಗೆ ಗೊತ್ತಿಲ್ಲ ಅನ್ನಿಸುತ್ತಿತ್ತು. ಬೈದರೆ, ಇವರಿಗೆ ಗೊತ್ತಾಗಿಬಿಟ್ಟಿದೆ ಅನ್ನಿಸುತ್ತಿತ್ತು.

ಒಮ್ಮೆ ಸಿಕ್ಕಿಬಿದ್ದೆ ಕೂಡ. ಕುಪ್ಪಂ ಕಡೆಯಿಂದ ಬಂದಿದ್ದ ಒಬ್ಬ ತೆಲುಗು ಸಾಕ್ಷಿ, ಆರೋಪಿ "ತೊಂದರಗಾ ಪೋಯಿನಾಡು" ಅಂದ. ನಮ್ಮ ಹಳ್ಳಿಯ ತೆಲುಗರು ಬೇಗ ಅನ್ನುವುದಕ್ಕೆ 'ಬಿರ್ನ' ಅನ್ನುತ್ತಿದ್ದರು. 'ತೊಂದರ' ಎಂಬ ಪದವನ್ನು ನಾನು ಕೇಳಿಯೇ ಇರಲಿಲ್ಲ. ನಮ್ಮ ಕನ್ನಡದ ತೊಂದರೆಯೇ ಇರಬೇಕೆಂದು, ಅವನು ಉಪದ್ರವ ಕೊಟ್ಟು ಹೋದ ಎಂದು ತಮಿಳಿನಲ್ಲಿ ಹೇಳಿದೆ. ಕೋರ್ಟು ಹಾಲಿನಲ್ಲಿ ನಗು ಎದ್ದಿತು. ಊರಿನವರೇ ಆದ ಒಬ್ಬ ಹಿರಿಯ ವಕೀಲರು ಎದ್ದು ನಿಂತರು. ಮೂರೂ ಭಾಷೆಗಳಲ್ಲಿ ಅವರದು ಎತ್ತಿದ ಕೈ.

"ಏನಪ್ಪಾ, ತೊಂದರ ಅಂದ್ರೆ ಬ್ಯಾಗ ಅಂತ. ಅವ ಬಿರ್ನೆ ಹೋಗ್ಬುಟ್ಟ ಅಂತಾವ್ನೆ ಸಾಕ್ಷಿ. ನೀನು ಅವ್ನ ಮ್ಯಾಲೆ ಇನ್ನೊಂದು ಕೇಸ್ ಹಾಕ್ತಿದೀಯಲ್ಲಾ!"

ಮುನ್ಸೀಫರು ಬರೆದದ್ದನ್ನು ಹೊಡೆದುಹಾಕಿ ತಿದ್ದಿದರು. ಅಷ್ಟರಲ್ಲೇ ಮುಗಿಯಿತು. ಯಾರೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ನಾನು ಇಟ್ಟುಕೊಂಡೆ. ನನ್ನ ತೆಲುಗು ಬೀದಿಯಲ್ಲಿ ಬಿದ್ದು ಸಿಕ್ಕಿದ ತೆಲುಗು, ನಂಬಲಾಗದ್ದು ಎಂದು ತೀರ್ಮಾನಿಸಿದೆ. ಮುಂದಿನ ಭಾನುವಾರವೇ ಬೆಂಗಳೂರಿಗೆ ಹೋಗಿ ಒಂದು ತೆಲುಗು-ಕನ್ನಡ ನಿಘಂಟು ತಂದೆ. ಪದಗಳನ್ನು ಒಂದು ಪುಸ್ತಕಕ್ಕೆ ಇಳಿಸಿಕೊಂಡು, ಬೆಳಗ್ಗೆ ಹಲ್ಲುಜ್ಜುವಾಗಲೂ ಉರು ಹೊಡೆಯುತ್ತಿದ್ದೆ. ಕಿವಿಯಲ್ಲಿ ಇದ್ದದ್ದನ್ನು ಬಿಟ್ಟು ಕಾಗದದ ಮೇಲೆ ಇದ್ದದ್ದನ್ನೇ ಹಿಡಿದುಕೊಂಡೆ.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಒಬ್ಬ ಹೆಂಗಸಿನ ಕೇಸು ಬಂತು. ಅರವತ್ತರ ಹತ್ತಿರದ ವಿಧವೆ, ತೆಲುಗಿನವರು, ನಮ್ಮ ಹಳ್ಳಿಯಿಂದ ನಾಲ್ಕು ಮೈಲಿ ಆಚೆಯ ಊರು. ಅವರ ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನಿನಲ್ಲಿ ತನಗೂ ಪಾಲು ಬೇಕೆಂದು ತಮ್ಮನ ಮೇಲೆ ದಾವೆ ಹಾಕಿದ್ದರು. ಅಪ್ಪ ತೀರಿಕೊಂಡ ಹನ್ನೊಂದನೆಯ ದಿನವೇ, ನೆಂಟರ ಎದುರಿಗೆ, ನನಗೆ ಪಾಲು ಬೇಡ ಎಂದು ಅಕ್ಕ ಹೇಳಿಬಿಟ್ಟಿದ್ದಾಳೆ ಎಂಬುದು ತಮ್ಮನ ವಾದ. ತಮ್ಮನ ಪರವಾಗಿ ನಿಂತಿದ್ದವರು ಅದೇ ಮೂರು ಭಾಷೆಯ ಹಿರಿಯ ವಕೀಲರು. ಅಕ್ಕನ ವಕೀಲರು ಸೇಲಂ ಕಡೆಯ ಯುವಕ, ತೆಲುಗು ಗೊತ್ತಿರಲಿಲ್ಲ.

ಹಿರಿಯ ವಕೀಲರು ಪಾಟೀಸವಾಲು ಮಾಡುತ್ತ, ಆವತ್ತು ನಿಮ್ಮ ತಮ್ಮ ಪಾಲಿನ ವಿಷಯ ಎತ್ತಿದಾಗ ನೀವು ಏನಂದಿರಿ ಎಂದು ಕೇಳಿದರು. ನಾನು ತೆಲುಗಿನಲ್ಲಿ ಕೇಳಿದೆ. ಆಕೆ ಸಾಕ್ಷಿಕಟ್ಟೆಯ ಮರದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು:

"ನಾಕು ಅವಸರಮು ಲೇದು, ನುವ್ವು ಚೂಸುಕೋ ಅಂಟಿನಿ."

ನನಗೆ ಅವಸರ ಇಲ್ಲ, ನೀನು ನೋಡಿಕೋ ಅಂದೆ. ನನ್ನ ಕಿವಿಗೆ ಬಿದ್ದದ್ದು ಹಾಗೆ. ಅವಸರ ಎಂದರೆ ಆತುರ. ಕನ್ನಡದಲ್ಲೂ ಅದೇ, ತಮಿಳಿನಲ್ಲೂ ಅದೇ. ಆದರೆ ತೆಲುಗು ನಿಘಂಟಿನಲ್ಲಿ ಅವಸರಮು ಎಂದರೆ ಅಗತ್ಯ, ಬೇಕಾಗಿರುವುದು. ನನ್ನ ಪುಸ್ತಕದಲ್ಲಿ ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಮುನ್ಸೀಫರು ಲೇಖನಿ ಹಿಡಿದು ನನ್ನನ್ನು ನೋಡುತ್ತಿದ್ದರು. ಹಿರಿಯ ವಕೀಲರೂ ನೋಡುತ್ತಿದ್ದರು. ಇನ್ನೊಂದು ಸಲ ನಗೆಪಾಟಲಾಗುವುದು ನನಗೆ ಬೇಕಿರಲಿಲ್ಲ.

"ಎನಕ್ಕು ತೇವೈ ಇಲ್ಲೈ, ನೀಯೇ ಪಾರ್ತುಕ್ಕೋ ಎನ್ಱೇನ್," ಅಂದುಬಿಟ್ಟೆ. ನನಗೆ ಬೇಕಾಗಿಲ್ಲ, ನೀನೇ ನೋಡಿಕೋ ಅಂದೆ ಎಂದು.

ಹಿರಿಯ ವಕೀಲರ ಹುಬ್ಬು ಸ್ವಲ್ಪ ಮೇಲಕ್ಕೆ ಹೋಯಿತು. ಈ ಸಲ ತಿದ್ದಲು ಹೋಗದೆ ಕೂತುಕೊಂಡರು. ಮುನ್ಸೀಫರು ಬರೆದುಕೊಂಡರು. ಆಕೆ ಕಟ್ಟೆ ಇಳಿದು, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಹುಡುಕಿಕೊಂಡು ಹೋದರು.

ನಾನಾಗ ಹೊಸೂರಿನ ಅಂಚಿನಲ್ಲಿ, ಅವಲಪಲ್ಲಿಯಲ್ಲಿ ಬಾಡಿಗೆಗಿದ್ದೆ. ಮನೆಯ ಒಡತಿ ತೆಲುಗಿನ ಹಿರಿಯಮ್ಮ, ಆ ಮಣ್ಣಿನಲ್ಲೇ ಹುಟ್ಟಿ ಬೆಳೆದವರು. ಎರಡು ದಿನದ ನಂತರ ಬೆಳಗ್ಗೆ ಕೆಲಸಕ್ಕೆ ಹೊರಟಾಗ, ಅವರ ಕನ್ನಡಕದ ಕಡ್ಡಿ ಮುರಿದಿದೆ ಎಂದರು. ಸಂಜೆಯೇ ಸರಿಮಾಡಿಸಿ ತರುತ್ತೇನೆ ಎಂದೆ.

"ಅವಸರಮು ಲೇದು ನಾಯನಾ, ನಿದಾನಂಗಾ ತೇ," ಅಂದರು. ಅವಸರ ಇಲ್ಲಪ್ಪ, ನಿಧಾನವಾಗಿ ತಾ.

ನಾನು ಕನ್ನಡಕ ಹಿಡಿದುಕೊಂಡು ಅಲ್ಲೇ ನಿಂತೆ.

"ಏನಂದ್ರಿ?"

"ಏಮಿ, ವಿನಬಡಲೇದಾ? ನಿದಾನಂಗಾ ತೇ ಅಂಟಿ."

ಕೇಳಿಸಲಿಲ್ಲವಾ ಎಂದು ಅವರು ಕೇಳಿದರೂ, ಕಿವಿಗೆ ಚೆನ್ನಾಗಿಯೇ ಕೇಳಿಸಿತ್ತು. ನಮ್ಮ ಕಡೆಯ ತೆಲುಗು ಕನ್ನಡದ ಪಕ್ಕದಲ್ಲಿ, ತಮಿಳಿನ ಪಕ್ಕದಲ್ಲಿ ಕೂತು ಮಾತಾಡಿ ಆದ ತೆಲುಗು. ಇಲ್ಲಿ ಅವಸರವೆಂದರೆ ಆತುರವೇ. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು, ಹುಟ್ಟಿದಾಗಿನಿಂದ ಕೇಳಿಕೊಂಡೇ ಬಂದಿದ್ದೆ. ಗೊತ್ತಿದ್ದದ್ದನ್ನು ನಂಬದೆ ಹೋಗಿದ್ದೆ. ಆತುರವಿಲ್ಲ ಎಂದ ಹೆಂಗಸಿನ ಬಾಯಲ್ಲಿ ಬೇಡ ಎನ್ನಿಸಿದ್ದೆ.

ಆ ವಾರ ಅನ್ನ ಸೇರಲಿಲ್ಲ. ಟೈಪು ಮಾಡುತ್ತ ಕೂತರೆ ಹಳೆಯ ಸಾಕ್ಷಿಗಳ ಮುಖಗಳು ಬರುತ್ತಿದ್ದವು. ಎಮ್ಮೆ ಕಳವಿನ ಕೇಸಿನಲ್ಲಿ ಜೈಲಿಗೆ ಹೋದವನು, ಗಡಿತಂಟೆಯಲ್ಲಿ ಸೋತು ನನ್ನ ಎದುರಿಗೇ ಕಣ್ಣೊರೆಸಿಕೊಂಡವನು. ಅವರ ಮಾತನ್ನು ನಾನು ಸರಿಯಾಗಿ ದಾಟಿಸಿದ್ದೆನೇ? ಯಾರನ್ನು ಕೇಳಲಿ? ಹೇಳಿದರೆ ಕೆಲಸ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಇವನು ಮೊದಲಿನಿಂದಲೂ ಸುಳ್ಳು ವೇಷ ಹಾಕಿಕೊಂಡಿದ್ದವನು ಎಂದು ಎಲ್ಲರಿಗೂ ತಿಳಿಯುತ್ತದೆ. ಹೇಳದಿದ್ದರೆ ಆ ಹೆಂಗಸಿನ ಜಮೀನು.

ಐದನೆಯ ದಿನ ಶಿರಸ್ತೇದಾರರ ಮೇಜಿನ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ತಮಿಳು ಪರೀಕ್ಷೆಯಲ್ಲಿ ಗಿಣಿಪಾಠ ಒಪ್ಪಿಸಿದ್ದನ್ನೂ ಸೇರಿಸಿ. ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಬಾವಿ ಅರ್ಜಿನಾ? ನಾನು ಬರ್ದಿದ್ದು ಪೋಸ್ಟಾಪೀಸ್ ಬೇಕು ಅಂತ ಅರ್ಜಿ ಕಣ್ಲಾ. ನಮ್ಮೋರೆಲ್ಲ ಹಂಗೇ ಪಾಸಾಗಿರೋದು. ಅದ್ಕೇನೀಗ?"

"ಇದಕ್ಕೇನು ಮಾಡ್ಲಿ ಸಾ?"

"ಏನೂ ಮಾಡ್ಬ್ಯಾಡ. ದಾಖಲಾಗ್ಬುಟ್ಟದೆ. ಯಾರೂ ಕೇಳಿಲ್ಲ. ನೀನಾಗೇ ಓಗಿ ತಲೆ ಕೊಟ್ರೆ ನಾಳೆ ಎಲ್ಲಾ ವಕೀಲ್ರೂ ಹಳೇ ಕೇಸ್‌ಗಳ್ನ ಕೆದುಕ್ತಾರೆ. ಸುಮ್ನಿರು."

ಅವರು ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದ್ದರು. ಆದರೂ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಕಾಲು ಮುನ್ಸೀಫರ ಕೋಣೆಯ ಕಡೆಗೆ ಹೋಯಿತು. ಧೈರ್ಯ ಬಂದು ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಇನ್ನೊಂದು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ.

ಮುನ್ಸೀಫರು ಮೊಸರನ್ನ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ನಾನು ತಡವರಿಸುತ್ತ ತಮಿಳಿನಲ್ಲಿ ಹೇಳಿದೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ನಿಘಂಟು ಒಂದು ಹೇಳುತ್ತದೆ, ನೀನು ಇನ್ನೊಂದು ಹೇಳುತ್ತಿದ್ದೀಯ. ಯಾವುದು ಸರಿ?"

ಗೊತ್ತಿಲ್ಲ ಎನ್ನುವುದು ಸುಲಭವಾಗಿತ್ತು. ನನಗೆ ಅಭ್ಯಾಸವಾಗಿದ್ದ ಉತ್ತರವೂ ಅದೇ.

"ನಿಘಂಟು ತಪ್ಪಲ್ಲ, ಅಯ್ಯಾ. ಆದರೆ ಆ ಊರಿನಲ್ಲಿ ಹಾಗೆ ಹೇಳುವುದಿಲ್ಲ. ನಾನು ಅಲ್ಲೇ ಹತ್ತಿರದವನು. ನನಗೆ ಗೊತ್ತು."

ನನಗೆ ಗೊತ್ತು ಎಂದು ಆ ಕಟ್ಟಡದೊಳಗೆ ನಾನು ಹೇಳಿದ್ದು ಅದೇ ಮೊದಲು.

"ಅದನ್ನು ತೀರ್ಮಾನಿಸುವವನು ನೀನೂ ಅಲ್ಲ, ನಾನೂ ಅಲ್ಲ," ಎಂದರು ಅವರು. "ಆಕೆಯನ್ನೇ ಕೇಳಬೇಕು. ಬರೆದು ಕೊಡು."

ಅಲ್ಲೇ ನಿಂತು ತಮಿಳಿನಲ್ಲಿ ಅರ್ಧ ಪುಟ ಬರೆದೆ. ಬಾಯಿಪಾಠವಿಲ್ಲದೆ ನಾನು ಬರೆದ ಮೊದಲ ತಮಿಳು ಕಾಗದ ಅದು. ಅವರು ಓದುತ್ತ ಎರಡು ಕಡೆ, ತಮಿಳಿನ ಎರಡು ರಕಾರಗಳಲ್ಲಿ ನಾನು ಸಣ್ಣದನ್ನು ಹಾಕಿದ್ದಲ್ಲಿ ದೊಡ್ಡದನ್ನು ಹಾಕಿ ತಿದ್ದಿದರು. ಆಮೇಲೆ ಕೆಳಗೆ ಸಹಿ ಮಾಡಿ ಕಡತಕ್ಕೆ ಸೇರಿಸಿದರು. ಶಭಾಷ್ ಎನ್ನಲಿಲ್ಲ, ಬೈಯಲೂ ಇಲ್ಲ.

ಹದಿನೈದು ದಿನದ ನಂತರ ಆಕೆಯನ್ನು ಮತ್ತೆ ಕರೆಸಿದರು. ಈ ಸಲ ಪಕ್ಕದಲ್ಲಿ ನಿಂತದ್ದು ನಾನಲ್ಲ, ನಿವೃತ್ತ ತೆಲುಗು ಮೇಷ್ಟರೊಬ್ಬರು. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಹಿರಿಯ ವಕೀಲರು ಎದ್ದು ನನ್ನ ಕಡೆ ಕೈ ತೋರಿಸಿ ಹೇಳಿದರು: ಈ ಗುಮಾಸ್ತರು ಎರಡು ವರ್ಷದಿಂದ ಇಲ್ಲಿ ನಿಂತು ಎಷ್ಟು ಜನರ ಮಾತನ್ನು ಕೆಡಿಸಿದ್ದಾರೋ ಯಾರು ಬಲ್ಲರು, ಇವತ್ತು ಇದನ್ನು ಒಪ್ಪಿಕೊಂಡರೆ ಎಲ್ಲವನ್ನೂ ಮತ್ತೆ ತೆಗೆಯಬೇಕಾಗುತ್ತದೆ. ಕೋರ್ಟು ಹಾಲು ತುಂಬಿತ್ತು. ಎರಡು ವರ್ಷ ನಾನು ಹೆದರಿಕೊಂಡು ಕಾದಿದ್ದ ಮಾತು ಅದೇ, ಪದ ಪದವೂ ಅದೇ. ಹೊರಗೆ ಹೋಗಿಬಿಡೋಣ ಅನ್ನಿಸಿತು, ಹೋಗಲಿಲ್ಲ. ಬಾಗಿಲು ದೂರವಿತ್ತು, ಜನ ದಾರಿಗೆ ಅಡ್ಡವಿದ್ದರು, ಅಷ್ಟೇ ಕಾರಣ.

ಮುನ್ಸೀಫರು ಅದನ್ನೂ ಬರೆದುಕೊಂಡು, ಸಾಕ್ಷಿಯನ್ನು ಕೇಳಿ ಎಂದರು. ಮೇಷ್ಟರು, ಅವಸರಮು ಲೇದು ಅಂದರೆ ಏನಮ್ಮ ಎಂದು ಕೇಳಿದರು. ಆಕೆಗೆ ಸಿಟ್ಟೇ ಬಂತು. ಇದೇನು ಕೇಳುವ ಮಾತು, ತಮ್ಮನ ಹೆಣ್ಣುಮಕ್ಕಳ ಮದುವೆ ಆಗಲಿ, ಅಲ್ಲಿಯವರೆಗೂ ಉತ್ತುಕೊಂಡಿರಲಿ, ಆಮೇಲೆ ಹಂಚಿಕೊಂಡರಾಯಿತು ಎಂದಿದ್ದೆ, ನನಗೇನು ಆತುರವಿತ್ತು ಎಂದು ತೆಲುಗಿನಲ್ಲಿ ಒಂದೇ ಉಸಿರಿಗೆ ಹೇಳಿದರು. ಹಿರಿಯ ವಕೀಲರು, ಈ ಹದಿನೈದು ದಿನದಲ್ಲಿ ಯಾರೋ ಹೇಳಿಕೊಟ್ಟ ಮಾತಿದು ಎಂದರು. ಇರಬಹುದೇ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಅನುಮಾನವೆಂಬುದು ನನ್ನಲ್ಲಿ ಅಷ್ಟು ಆಳಕ್ಕೆ ಇಳಿದಿತ್ತು.

ನನಗೆ ಮೆಮೊ ಬಂತು, ವಿವರಣೆ ಕೊಟ್ಟೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಮತ್ತೆ ಟೈಪ್‌ರೈಟರ್ ಮುಂದೆ ಕೂತೆ. ಕೆಲವರು ನನ್ನನ್ನು ಕಂಡರೆ "ಅವಸರ ಇಲ್ಲ" ಎಂದು ರಾಗ ಎಳೆಯುತ್ತಿದ್ದರು. ಹಳೆಯ ಕೇಸುಗಳನ್ನು ಯಾರೂ ಕೆದಕಲಿಲ್ಲ. ನಾನೇ ಕೆದಕಿದೆ, ದಿನಾ ಸಂಜೆ ಎಲ್ಲರೂ ಹೋದ ಮೇಲೆ ಅರ್ಧ ಗಂಟೆ ಕೂತು ನಾನು ತಿರುಗಿಸಿದ್ದ ಹೇಳಿಕೆಗಳನ್ನು ಓದಿದೆ. ಎರಡು ಕಡೆ ಇನ್ನೂ ಚೆನ್ನಾಗಿ ಹೇಳಬಹುದಿತ್ತು ಅನ್ನಿಸಿತು. ತಪ್ಪು ಎಂದು ಬೆರಳಿಟ್ಟು ತೋರಿಸುವಂಥದ್ದು ಸಿಗಲಿಲ್ಲ. ಅದರಿಂದ ಸಮಾಧಾನವಾಗಬೇಕಿತ್ತು. ಕಾಗದದ ಮೇಲೆ ಉಳಿದದ್ದು ನನ್ನ ಮಾತು; ಅವರು ಆಡಿದ ಮಾತು ಗಾಳಿಗೆ ಹೋಗಿತ್ತು. ಯಾವುದರ ಜೊತೆ ಹೋಲಿಸಿ ನೋಡಲಿ?

ತೀರ್ಪು ಬರಲು ಆರೇಳು ತಿಂಗಳಾಯಿತು. ಅದರ ನಕಲನ್ನು ಟೈಪು ಮಾಡಿದವನು ನಾನೇ. ಆಕೆಗೆ ಅರ್ಧ ಪಾಲು ಎಂದು ಬರೆದಿತ್ತು. ಅವಸರದ ಮಾತು ಎಲ್ಲಿ ಬರುತ್ತದೆ ಎಂದು ಪುಟ ತಿರುಗಿಸುತ್ತ ಹೋದೆ. ಬರಲೇ ಇಲ್ಲ. ಹಕ್ಕು ಬಿಟ್ಟುಕೊಟ್ಟದ್ದಕ್ಕೆ ರಿಜಿಸ್ಟರಾದ ಪತ್ರವಿಲ್ಲ, ಕ್ರಯಪತ್ರ ಅಪ್ಪನ ಹೆಸರಿನಲ್ಲಿದೆ ಎಂದು ಬರೆದು ಮುಗಿಸಿದ್ದರು. ನಾನು ಊಟ ಬಿಟ್ಟು ಒದ್ದಾಡಿದ ಮಾತಿಗೆ ಆ ಹನ್ನೆರಡು ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಕಾರ್ಬನ್ ಕಾಗದ ಬದಲಾಯಿಸಿ ಮುಂದಿನ ಪುಟ ಹೊಡೆದೆ.

ಕೆಲವು ವಾರಗಳ ನಂತರ ಡೆಂಕಣಿಕೋಟೆ ಬಸ್ಸಿನಲ್ಲಿ ಆಕೆ ಸಿಕ್ಕರು. ನನ್ನ ಪಕ್ಕದಲ್ಲೇ ಬಂದು ಕೂತು, ಒಂದಷ್ಟು ಹೊತ್ತು ನೋಡಿ, ನೀನು ಕೋರ್ಟಿನವನಲ್ಲವಾ ಎಂದು ತೆಲುಗಿನಲ್ಲಿ ಕೇಳಿದರು. ನಾನು ತಪ್ಪು ಹೇಳಿದ್ದರಿಂದಲೇ ನೀವು ಎರಡನೆಯ ಸಲ ಕಟ್ಟೆ ಹತ್ತಬೇಕಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದೆ.

"ಆವತ್ತೇ ನನ್ನನ್ನ ಇನ್ನೊಂದು ಸಲ ಕೇಳಬಾರದಾಗಿತ್ತಾ?" ಅಂದರು ಆಕೆ, ತೆಲುಗಿನಲ್ಲೇ. "ನಾನು ಅಲ್ಲೇ ನಿಂತಿದ್ದೆನಲ್ಲ."

ನಿಜವಾಗಿಯೂ, ಅಷ್ಟು ದಿನ ಅಷ್ಟು ಯೋಚಿಸಿದವನಿಗೆ ಅದೊಂದು ಹೊಳೆದೇ ಇರಲಿಲ್ಲ. ಎದುರಿಗೇ ನಿಂತಿದ್ದರು, ಒಂದು ಮೊಳ ದೂರದಲ್ಲಿ. ಕೇಳಿದರೆ ನನಗೆ ಬರುವುದಿಲ್ಲವೆಂದು ಗೊತ್ತಾಗುತ್ತದೆ ಎಂಬ ಹೆದರಿಕೆ ಆ ದಾರಿಯನ್ನೇ ಮುಚ್ಚಿತ್ತು. ಆಕೆ ಮುಂದಿನ ಊರಿನಲ್ಲಿ ಇಳಿದು ಹೋದರು.

ನನ್ನ ಬದಲು ಕಟ್ಟೆಯ ಪಕ್ಕ ನಿಲ್ಲುತ್ತಿದ್ದ ಮೇಷ್ಟರಿಗೆ ಓಡಾಡುವುದು ಕಷ್ಟವಾಗಿ, ಮುಂದಿನ ವರ್ಷ ಮುನ್ಸೀಫರು ಮತ್ತೆ ನನ್ನನ್ನೇ ಕರೆಸಿದರು. ಬೇಡವೆಂದೆ. ಬೇರೆ ಯಾರೂ ಇಲ್ಲ ಎಂದರು. ಆವತ್ತು ಜವಳಗಿರಿ ಕಡೆಯ ಒಬ್ಬ ದನಗಾಹಿ ಸಾಕ್ಷಿ. ಕಾಡಂಚಿನ ರಾಗಿ ಹೊಲಕ್ಕೆ ಆನೆ ನುಗ್ಗಿದಾಗ ನಡೆದ ಹೊಡೆದಾಟದ ಕೇಸು. ಅವನದು ಕನ್ನಡ, ನನ್ನದೇ ಭಾಷೆ. ಹೆದರಿಕೆ ಇಲ್ಲದೆ ನಿಂತೆ. ಅವನು ಶುರು ಮಾಡಿದ:

"ನಾವು ನಾಕು ಜನ ಆನೇನ ಸೋವ್ತಾ ಇದ್ವಿ ಸಾಮಿ, ಆವಾಗ ಇವ್ನು ಬಂದ."

ಸೋವುವುದು. ಕೇಳಿದಂತಿತ್ತು, ಅರ್ಥ ಹಿಡಿಯಲಿಲ್ಲ. ಕಾಯುವುದೋ, ಕೂಗುವುದೋ, ಹೊಡೆಯುವುದೋ? ಅದೇ ಹಳೆಯ ಬೆವರು ಬೆನ್ನಿನಲ್ಲಿ ಇಳಿಯಿತು. ಮುನ್ಸೀಫರ ಲೇಖನಿ ನಿಂತಿತ್ತು. ಹಿರಿಯ ವಕೀಲರು ಮೊದಲ ಸಾಲಿನಲ್ಲೇ ಇದ್ದರು. ಏನೋ ಒಂದು ಹೇಳಿ ಸಾಗಿಸಿಬಿಡುವ ಮಾತು ನಾಲಗೆಯ ತುದಿಗೆ ಬಂದಿತ್ತು.

"ಅಯ್ಯಾ," ಎಂದೆ ತಮಿಳಿನಲ್ಲಿ, "ಈ ಒಂದು ಪದ ನನಗೆ ತಿಳಿಯಲಿಲ್ಲ. ಕೇಳಿ ಹೇಳುತ್ತೇನೆ."

ಯಾರೋ ಹಿಂದೆ ಕೆಮ್ಮಿದರು. ಮುನ್ಸೀಫರು ತಲೆಯಾಡಿಸಿದರು. ನಾನು ಸಾಕ್ಷಿಯ ಕಡೆ ತಿರುಗಿದೆ.

"ಸೋವೋದು ಅಂದ್ರೆ ಏನಪ್ಪಾ?"

ಅವನಿಗೆ ಆಶ್ಚರ್ಯವಾಯಿತು.

"ಇದೇನ್ ಸಾಮಿ, ಸೋವೋದು ಗೊತ್ತಿಲ್ವಾ? ತಮ್ಟೆ ಬಡ್ದು, ಕೂಗಿ ಗದ್ಲ ಮಾಡಿ ಕಾಡಿಗೆ ಅಟ್ಟೋದು."

ಒಂದಿಬ್ಬರು ನಕ್ಕರು. ಹಿರಿಯ ವಕೀಲರು ತಮ್ಮ ಪಕ್ಕದವರಿಗೆ, ಆ ಪದ ತಮಗೂ ಗೊತ್ತಿರಲಿಲ್ಲ ಎಂದದ್ದು ಕೇಳಿಸಿತು. ಅದನ್ನು ಕೇಳಿ ಎದೆ ಹಗುರಾಗಲಿಲ್ಲ. ಆನೆಯನ್ನು ಗದ್ದಲ ಮಾಡಿ ಕಾಡಿಗೆ ಅಟ್ಟುತ್ತಿದ್ದೆವು ಎಂದು ತಮಿಳಿನಲ್ಲಿ ಹೇಳಿದೆ. ಮುನ್ಸೀಫರು ಬರೆದುಕೊಂಡು, ಮುಂದೆ ಕೇಳಿ ಎಂದರು.